ಕೋಶದ ಹೊರಮೈ ಗ್ರಾಹಿಗಳು: ಯೋಜನಾ ವರದಿಗೆ ಯಾವ ಕುಟುಂಬವನ್ನು ಆರಿಸಿಕೊಳ್ಳಬೇಕು?

ಸ್ನಾತಕೋತ್ತರ ತರಗತಿಯ ಮೂರನೆಯ ಸೆಮಿಸ್ಟರ್ ಮುಗಿಯುತ್ತಾ ಬಂದಾಗ ಕೋಲಾರದ ನಮ್ಮ ವಿಭಾಗದ ಬಾಗಿಲಲ್ಲಿ ಒಂದೇ ಪ್ರಶ್ನೆ ಹಲವು ದನಿಗಳಲ್ಲಿ ಕೇಳಿಬರುತ್ತದೆ: "ಸರ್, ರಿಸೆಪ್ಟರ್ ಮೇಲೆ ಪ್ರಾಜೆಕ್ಟ್ ಮಾಡೋಣ ಅಂತ ಇದ್ದೀವಿ, ಯಾವುದು ಸುಲಭ?" ಚಿಂತಾಮಣಿ, ಮಾಲೂರು, ಶಿರಾ, ಪಾವಗಡಗಳಿಂದ ಬರುವ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಸುಲಭವಾದದ್ದು ಯಾವುದು ಎಂಬುದಕ್ಕಿಂತ, ಯಾವ ಕುಟುಂಬವನ್ನು ಆರಿಸಿಕೊಂಡರೆ ನಾಲ್ಕು ತಿಂಗಳಲ್ಲಿ ನಮ್ಮ ಕೈಗೆಟಕುವ ಸಲಕರಣೆಗಳಿಂದ ಏನನ್ನಾದರೂ ನಿಜವಾಗಿ ತಿಳಿದುಕೊಳ್ಳಬಹುದು ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತವೆಂದು ನನ್ನ ಅನುಭವ. ಈ ಮಾರ್ಗದರ್ಶಿಯನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ.

ಮೊದಲಿಗೆ ಪದದ ಬಗ್ಗೆ ಒಂದು ಮಾತು. ಹೊರಗಿನ ದೂತ ಅಣುವನ್ನು ಹಿಡಿದು ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನಾದ ರಿಸೆಪ್ಟರ್ ಎಂಬುದಕ್ಕೆ ಕೆಲವು ಪಠ್ಯಗಳಲ್ಲಿ "ಗ್ರಾಹಕ" ಎಂಬ ಪದವಿದೆ. ಆದರೆ ಗ್ರಾಹಕ ಎಂದೊಡನೆ ನಮ್ಮ ಕಡೆಯ ಓದುಗರಿಗೆ ನೆನಪಾಗುವವನು ಅಂಗಡಿಯ ಗಿರಾಕಿ ಅಥವಾ ಗ್ಯಾಸ್ ಏಜೆನ್ಸಿಯ ಪುಸ್ತಕದಲ್ಲಿ ಹೆಸರಿರುವವನು. ಆದ್ದರಿಂದ ಇಲ್ಲಿ "ಗ್ರಾಹಿ" ಎಂಬ ಪದವನ್ನೇ ಬಳಸಿದ್ದೇನೆ.

ಹೋಲಿಕೆಯ ಅಳತೆಗೋಲು ಯಾವುದು?

ಜೀವಕೋಶದ ಪೊರೆ ಸುಮಾರು 5 ನ್ಯಾನೋಮೀಟರ್ ದಪ್ಪದ ಕೊಬ್ಬಿನ ಎರಡು ಪದರ. ನೀರಿನಲ್ಲಿ ಕರಗುವ ಅಸಿಟೈಲ್‌ಕೋಲಿನ್, ಅಡ್ರಿನಲಿನ್, ಇನ್ಸುಲಿನ್‌ನಂತಹ ದೂತ ಅಣುಗಳು ಅದನ್ನು ದಾಟಿ ಒಳಗೆ ಹೋಗಲಾರವು. ಅವು ಹೊರಗೇ ನಿಂತು, ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನಿನ ಆಕಾರವನ್ನು ತುಸು ಬದಲಿಸುತ್ತವೆ. ಒಳಗೆ ತಲಪುವುದು ಆ ಬದಲಾವಣೆ ಮಾತ್ರ. ಸ್ಟೀರಾಯ್ಡ್ ಹಾರ್ಮೋನುಗಳ ದಾರಿ ಬೇರೆ: ಅವು ಕೊಬ್ಬಿನಲ್ಲಿ ಕರಗಿ ಪೊರೆಯನ್ನು ದಾಟಿಯೇ ಹೋಗುವುದರಿಂದ ಅವುಗಳ ಮುಖ್ಯ ಗ್ರಾಹಿಗಳು ಕೋಶದ ಒಳಗಿವೆ, ಇಲ್ಲಿ ಅವುಗಳ ಚರ್ಚೆ ಇಲ್ಲ. ಸ್ನಾಯುವಿನ ಮೇಲೆ ನಿಕೋಟಿನ್ ಮತ್ತು ಕ್ಯುರಾರೆ ಎಂಬ ಬಾಣದ ವಿಷಗಳ ಪರಿಣಾಮವನ್ನು ಪರೀಕ್ಷಿಸುತ್ತಿದ್ದ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ "ಗ್ರಹಿಸುವ ವಸ್ತು" ಒಂದು ಕೋಶದಲ್ಲಿ ಇರಲೇಬೇಕೆಂದು ವಾದಿಸಿದಾಗ ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಪಠ್ಯಪುಸ್ತಕಗಳು ಈ ಗ್ರಾಹಿಗಳನ್ನು ಆಕಾರದಿಂದ ವಿಂಗಡಿಸುತ್ತವೆ: ಐದು ತುಂಡುಗಳದ್ದು, ಪೊರೆಯನ್ನು ಏಳು ಬಾರಿ ಹಾಯುವುದು, ಒಂದೇ ಬಾರಿ ಹಾಯುವುದು, ಹೀಗೆ. ಪರೀಕ್ಷೆಯಲ್ಲಿ ಚಿತ್ರ ಬರೆಯಲು ಅದು ಸಾಕು, ಆದರೆ ಆರಿಸಿಕೊಳ್ಳಲು ಸಾಲದು. ನಾನು ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೊಡುತ್ತೇನೆ. ಸಂಕೇತ ಎಷ್ಟು ಬೇಗ ಒಳಗೆ ತಲಪುತ್ತದೆ? ತಲಪಿದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ? ಅದನ್ನು ನಿಲ್ಲಿಸುವವರು ಯಾರು? ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು ಮತ್ತು ವರದಿಗಳಲ್ಲಿ ಬಹುತೇಕ ಬಿಟ್ಟುಹೋಗುವುದೂ ಅದೇ. ವಿಷ, ಔಷಧ, ರೋಗ ಈ ಮೂರೂ ಎಷ್ಟೋ ಸಲ ಕೈ ಹಾಕುವುದು ಸಂಕೇತ ನಿಲ್ಲುವ ಜಾಗಕ್ಕೆ.

ನಮ್ಮ ಜಿಲ್ಲೆಗಳವರಿಗೆ ಕೆರೆಯ ಹೋಲಿಕೆಯಿಂದ ಇದು ಬೇಗ ತಿಳಿಯುತ್ತದೆ. ತೂಬನ್ನು ಎತ್ತಿದರೆ ನೀರು ತಾನಾಗಿ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ನಡುವೆ ಇನ್ನೊಬ್ಬರು ಬೇಕಿಲ್ಲ. ಅಯಾನು ನಾಳದ ಗ್ರಾಹಿ ಇಂಥದ್ದು. ನೀರುಗಂಟಿಗೆ ಹೇಳಿಕಳುಹಿಸಿದರೆ ಕತೆ ಬೇರೆ: ಅವನು ಹೊರಟು, ಕಾಲುವೆಯಿಂದ ಕಾಲುವೆಗೆ ನಡೆದು, ಒಬ್ಬೊಬ್ಬರ ಗದ್ದೆಗೂ ಮಡೆ ತಿರುಗಿಸುತ್ತಾನೆ, ಹೇಳಿಕಳುಹಿಸಿದವರು ಮನೆಗೆ ಹೋದ ಮೇಲೂ ಅವನ ಕೆಲಸ ನಡೆದೇ ಇರುತ್ತದೆ. ಜಿ-ಪ್ರೋಟೀನು (ಪೊರೆಯ ಒಳಬದಿಯಲ್ಲಿದ್ದು ಸುದ್ದಿಯನ್ನು ಮುಂದಕ್ಕೊಯ್ಯುವ ಪ್ರೋಟೀನು) ಜೋಡಿತ ಗ್ರಾಹಿಯದು ಈ ರೀತಿ. ಇನ್ಸುಲಿನ್ ಗ್ರಾಹಿಯಂಥವುಗಳಿಗೆ ಈ ಹೋಲಿಕೆಯನ್ನು ಎಳೆದು ತರುವುದು ಬೇಡ, ಅಲ್ಲಿ ಅದು ಹರಿದುಹೋಗುತ್ತದೆ.

ಒಂದೇ ಅಸಿಟೈಲ್‌ಕೋಲಿನ್, ಎರಡು ಬಗೆಯ ಗ್ರಾಹಿ

ಯಾವ ಕುಟುಂಬವನ್ನು ಆರಿಸಿಕೊಳ್ಳಬೇಕೆಂದು ತೋಚದವರು ಅಸಿಟೈಲ್‌ಕೋಲಿನ್‌ನಿಂದ ಆರಂಭಿಸಲಿ, ಏಕೆಂದರೆ ಒಂದೇ ದೂತ ಅಣು ಎರಡು ಕುಟುಂಬಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಅವಕಾಶ ಬೇರೆಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಇದರ ಪರಿಣಾಮಗಳಲ್ಲಿ ಕೆಲವು ನಿಕೋಟಿನ್‌ನ ಪರಿಣಾಮವನ್ನೂ ಇನ್ನು ಕೆಲವು ಅಣಬೆಯಿಂದ ಬರುವ ಮಸ್ಕರಿನ್‌ನ ಪರಿಣಾಮವನ್ನೂ ಹೋಲುತ್ತವೆ ಎಂದು ಹೆನ್ರಿ ಡೇಲ್ 1914ರಲ್ಲಿಯೇ ವಿಂಗಡಿಸಿದ್ದರು. 1921ರಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಅದನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಎರಡನೆಯದೂ ನಿಧಾನವಾಯಿತು. ನರದ ಸುದ್ದಿಯನ್ನು ರಾಸಾಯನಿಕವೊಂದು ಒಯ್ಯುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು; 1936ರ ನೊಬೆಲ್ ಇಬ್ಬರಿಗೂ ಬಂತು.

ಸ್ನಾಯುವಿನ ಮೇಲಿರುವ ನಿಕೋಟಿನಿಕ್ ಗ್ರಾಹಿ ಐದು ಪ್ರೋಟೀನು ತುಂಡುಗಳು ಸುತ್ತುವರಿದು ನಿಂತ ನಾಳ. ಎರಡು ಅಸಿಟೈಲ್‌ಕೋಲಿನ್ ಅಣುಗಳು ಅಂಟಿದರೆ ನಾಳ ತೆರೆಯುತ್ತದೆ, ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 30 ಸಾವಿರ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಸ್ನಾಯು ಸಂಕುಚಿಸುತ್ತದೆ. ಗ್ರಾಹಿಯೂ ನಾಳವೂ ಒಂದೇ ಪ್ರೋಟೀನು ಆಗಿರುವುದರಿಂದ ನಡುವೆ ತಡವಾಗುವುದಕ್ಕೆ ಕಾರಣವೇ ಇಲ್ಲ. ನಿಲ್ಲಿಸುವ ಕೆಲಸ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು: ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ.

ಹೃದಯದಲ್ಲಿರುವ ಮಸ್ಕರಿನಿಕ್ ಗ್ರಾಹಿಯಲ್ಲಿ ನಾಳವಿಲ್ಲ. ಅದು ಪೊರೆಯನ್ನು ಏಳು ಬಾರಿ ಹಾಯುವ ಒಂಟಿ ಎಳೆ. ಅಸಿಟೈಲ್‌ಕೋಲಿನ್ ಕುಳಿತಾಗ ಒಳಭಾಗದಲ್ಲಿ ಕಾದಿರುವ ಜಿ-ಪ್ರೋಟೀನು ಎರಡು ಭಾಗವಾಗುತ್ತದೆ, ಒಂದು ಭಾಗ ಹೋಗಿ ಪಕ್ಕದ ಪೊಟ್ಯಾಶಿಯಂ ನಾಳವನ್ನು ತೆರೆಯುತ್ತದೆ, ಬಡಿತ ನಿಧಾನವಾಗುತ್ತದೆ. ಅದೇ ಅಣು ಕೈಯ ಸ್ನಾಯುವನ್ನು ಬಿಗಿಗೊಳಿಸಿತು, ಹೃದಯವನ್ನು ಸಡಿಲಿಸಿತು. ಸುದ್ದಿಯ ಅರ್ಥ ದೂತನಲ್ಲಿಲ್ಲ, ಕೇಳಿಸಿಕೊಂಡ ಗ್ರಾಹಿಯಲ್ಲಿದೆ ಎಂಬುದನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಈ ವ್ಯತ್ಯಾಸ ಪುಸ್ತಕದಲ್ಲಷ್ಟೇ ಉಳಿಯುವಂಥದ್ದಲ್ಲ. ತರಕಾರಿ ಬೆಳೆಯುವ ಊರುಗಳಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕ ಹೊಟ್ಟೆಗೆ ಹೋದವರನ್ನು ಆಸ್ಪತ್ರೆಗೆ ಹೊತ್ತು ತರುವುದನ್ನು ನೋಡಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಆ ವಿಷ ಗ್ರಾಹಿಯನ್ನು ಮುಟ್ಟುವುದಿಲ್ಲ. ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ತುಂಬಿಕೊಂಡು ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಶ್ವಾಸನಾಳದಲ್ಲಿ ದ್ರವ ಕಟ್ಟುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಇವೆಲ್ಲ ಮಸ್ಕರಿನಿಕ್ ಗ್ರಾಹಿಗಳ ಕೆಲಸವಾದ್ದರಿಂದ ವೈದ್ಯರು ಕೊಡುವ ಅಟ್ರೋಪಿನ್ ಅವನ್ನು ಹತೋಟಿಗೆ ತರುತ್ತದೆ. ಆದರೆ ಅದೇ ಹೊತ್ತಿನಲ್ಲಿ ನಿಕೋಟಿನಿಕ್ ಗ್ರಾಹಿಗಳೂ ಬಿಡುವಿಲ್ಲದೆ ಪ್ರಚೋದನೆಗೊಂಡು ದಣಿದು, ಉಸಿರಾಟದ ಸ್ನಾಯು ಸೋಲುತ್ತದೆ. ಅಟ್ರೋಪಿನ್ ಅಲ್ಲಿ ಏನೂ ಮಾಡಲಾರದು. ಎಷ್ಟೋ ರೋಗಿಗಳನ್ನು ವೆಂಟಿಲೇಟರಿಗೆ ಹಾಕುವುದು ಈ ಕಾರಣಕ್ಕೆ. (ಅಟ್ರೋಪಿನ್‌ನಂಥ ಸಸ್ಯಕ್ಷಾರಗಳು ನಮ್ಮ ರಸ್ತೆಬದಿಯ ಉಮ್ಮತ್ತಿ ಗಿಡದಲ್ಲೂ ಇವೆ. ಅದನ್ನು ಪ್ರಯೋಗಕ್ಕೆ ತರುತ್ತೇವೆಂದು ಪ್ರತಿ ವರ್ಷ ಯಾರಾದರೂ ಮುಂದೆ ಬರುತ್ತಾರೆ. ಪ್ರಮಾಣ ಗೊತ್ತಿಲ್ಲದ ವಿಷವನ್ನು ತರಗತಿಗೆ ತರಬಾರದು.)

ಅಯಾನು ನಾಳದ ಕುಟುಂಬವನ್ನೇ ಆರಿಸಿಕೊಳ್ಳಬೇಕೆಂದಿರುವವರಿಗೆ ನಮ್ಮ ನೆಲದಲ್ಲಿ ಇನ್ನೂ ಹಲವು ವಸ್ತುಗಳಿವೆ. ನಾಗರಹಾವಿನ ವಿಷದಲ್ಲಿರುವ ನರವಿಷ ನಿಕೋಟಿನಿಕ್ ಗ್ರಾಹಿಯ ಮೇಲೆ ಕುಳಿತು ಅಸಿಟೈಲ್‌ಕೋಲಿನ್‌ಗೆ ಜಾಗ ಕೊಡುವುದಿಲ್ಲ. ಅದಕ್ಕಾಗಿಯೇ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಕೊಟ್ಟು ಅಸಿಟೈಲ್‌ಕೋಲಿನ್ ಪ್ರಮಾಣವನ್ನು ಏರಿಸಿದರೆ ಪ್ರಯೋಜನವಾಗುವುದುಂಟು. ಕಟ್ಟುಹಾವು ಕಚ್ಚಿದಾಗ ಅದೇ ಔಷಧ ಹೆಚ್ಚು ನೆರವಾಗುವುದಿಲ್ಲ, ಏಕೆಂದರೆ ಅದರ ವಿಷ ಮುಖ್ಯವಾಗಿ ಅಸಿಟೈಲ್‌ಕೋಲಿನ್ ಬಿಡುಗಡೆ ಮಾಡುವ ನರದ ತುದಿಯನ್ನೇ ಕೆಡಿಸುತ್ತದೆ. ಎರಡೂ ಹಾವುಗಳಿಂದ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ಕಾರಣ ಮಾತ್ರ ಒಂದರದು ಗ್ರಾಹಿಯಲ್ಲೇ, ಇನ್ನೊಂದರದು ಗ್ರಾಹಿಗಿಂತ ಹಿಂದೆ, ನರದ ತುದಿಯಲ್ಲಿ.

ರೇಷ್ಮೆಯ ಮನೆಗಳಿಂದ ಬಂದವರಿಗೆ ಇಮಿಡಾಕ್ಲೋಪ್ರಿಡ್ ಒಳ್ಳೆಯ ವಸ್ತು. ಟೊಮೆಟೊ ತೋಟದ ಬಿಳಿನೊಣಕ್ಕೆ ಹೊಡೆಯುವ ಈ ಔಷಧ ಕೀಟಗಳ ನಿಕೋಟಿನಿಕ್ ಗ್ರಾಹಿಯನ್ನು ತೆರೆಯುತ್ತದೆ, ಆದರೆ ಅಸಿಟೈಲ್‌ಕೋಲಿನೆಸ್ಟರೇಸ್ ಇದನ್ನು ಒಡೆಯಲಾರದು. ನಿಲ್ಲಿಸುವವರಿಲ್ಲದ ಸಂಕೇತದಿಂದ ಕೀಟ ನಡುಗಿ ಸೆಟೆಯುತ್ತದೆ. ಸಸ್ತನಿಗಳ ಗ್ರಾಹಿಗೆ ಇದು ಅಷ್ಟು ಬಿಗಿಯಾಗಿ ಅಂಟುವುದಿಲ್ಲ, ರೇಷ್ಮೆಹುಳುವಿನದಕ್ಕೆ ಅಂಟುತ್ತದೆ. ಶಿಡ್ಲಘಟ್ಟದ ಕಡೆ ಪಕ್ಕದ ಹೊಲದವರು ಔಷಧ ಹೊಡೆಯುವ ದಿನ ಗಾಳಿ ಯಾವ ಕಡೆಗಿದೆ ಎಂದು ಹಿಪ್ಪುನೇರಳೆ ಬೆಳೆಗಾರರು ನೋಡುವುದರ ಹಿಂದೆ ಇರುವುದು ಐದು ತುಂಡುಗಳ ಈ ಪ್ರೋಟೀನೇ. ಶಿರಾ, ಪಾವಗಡದ ಕುರಿಗಳಿಗೆ ಹಾಕುವ ಐವರ್ಮೆಕ್ಟಿನ್ ಕೂಡ ನಾಳದ ಗ್ರಾಹಿಯನ್ನೇ ಹಿಡಿಯುತ್ತದೆ: ಜಂತುಗಳಲ್ಲಿರುವ, ಗ್ಲುಟಮೇಟ್‌ಗೆ ತೆರೆಯುವ ಕ್ಲೋರೈಡ್ ನಾಳ. ಅಂಥ ನಾಳ ಕುರಿಯಲ್ಲಿಲ್ಲ.

ಇಷ್ಟೆಲ್ಲ ಆಕರ್ಷಣೆಯಿದ್ದರೂ ನಮ್ಮ ಪ್ರಯೋಗಾಲಯದಲ್ಲಿ ಈ ಕುಟುಂಬವನ್ನು ಅಳೆಯುವುದು ಅಸಾಧ್ಯಕ್ಕೆ ಹತ್ತಿರ. ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಪ್ರಕಟಿಸಿದ, 1991ರಲ್ಲಿ ನೊಬೆಲ್ ತಂದುಕೊಟ್ಟ, ಒಂದೊಂದೇ ನಾಳದಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಪ್ಯಾಚ್ ಕ್ಲ್ಯಾಂಪ್ ವಿಧಾನಕ್ಕೆ ಬೇಕಾದ ವರ್ಧಕ, ಕಂಪನವಿಲ್ಲದ ಮೇಜು, ಗಾಜಿನ ಸೂಜಿ ಎಳೆಯುವ ಯಂತ್ರ ಇವೆಲ್ಲ ಜಿಲ್ಲಾ ಕೇಂದ್ರದ ಸಾಮಾನ್ಯ ಕಾಲೇಜಿನಲ್ಲಿ ಸಿಗುವುದಿಲ್ಲ. ಸೆಮಿನಾರಿಗೆ ಇದು ಅತ್ಯುತ್ತಮ. ಕೈಯಿಂದ ಮಾಡುವ ಯೋಜನೆಗೆ ಅಲ್ಲ.

ಜಿ-ಪ್ರೋಟೀನು ಜೋಡಿತ ಗ್ರಾಹಿಗಳು

ಇದು ಅತಿ ದೊಡ್ಡ ಕುಟುಂಬ. ಮನುಷ್ಯನಲ್ಲಿ ಇಂಥ ಗ್ರಾಹಿಗಳ ಜೀನುಗಳು ಸುಮಾರು 800 ಇವೆ, ಅವುಗಳಲ್ಲಿ ಅರ್ಧದಷ್ಟು ವಾಸನೆಗೆ ಮೀಸಲು. ಬಳಕೆಯಲ್ಲಿರುವ ಔಷಧಗಳಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಈ ಕುಟುಂಬದ ಮೇಲೆಯೇ ಕೆಲಸ ಮಾಡುತ್ತದೆ. ಬಿಪಿಗೆ ನುಂಗುವ ಅಟೆನೊಲಾಲ್, ಉಬ್ಬಸಕ್ಕೆ ಎಳೆಯುವ ಸಾಲ್ಬುಟಮಾಲ್, ನೆಗಡಿಗೆ ತೆಗೆದುಕೊಳ್ಳುವ ಸೆಟ್ರಿಜಿನ್ ಎಲ್ಲವೂ ಇಲ್ಲಿಯವೇ.

ಇಲ್ಲಿ ಸಂಕೇತ ಹಂತಹಂತವಾಗಿ ಹಿಗ್ಗುತ್ತದೆ. ಒಂದು ಅಡ್ರಿನಲಿನ್ ಅಣು ಕುಳಿತ ಗ್ರಾಹಿ ಒಂದರ ನಂತರ ಒಂದರಂತೆ ಅನೇಕ ಜಿ-ಪ್ರೋಟೀನುಗಳನ್ನು ಎಬ್ಬಿಸುತ್ತದೆ. ಎದ್ದ ಜಿ-ಪ್ರೋಟೀನು ಅಡಿನೈಲಿಲ್ ಸೈಕ್ಲೇಸ್ ಕಿಣ್ವವನ್ನು ಚಾಲೂ ಮಾಡುತ್ತದೆ. ಆ ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ರಾಶಿಯಾಗಿ ತಯಾರಿಸುತ್ತದೆ. 1950ರ ದಶಕದ ಕೊನೆಯಲ್ಲಿ ಪಿತ್ತಜನಕಾಂಗದ ತುಣುಕುಗಳಲ್ಲಿ ಸೈಕ್ಲಿಕ್ ಎಎಂಪಿಯನ್ನು ಗುರುತಿಸಿ "ಎರಡನೆಯ ದೂತ" ಎಂಬ ಕಲ್ಪನೆಯನ್ನು ಕೊಟ್ಟ ಅರ್ಲ್ ಸದರ್ಲೆಂಡ್‌ಗೆ 1971ರಲ್ಲಿ, ಜಿ-ಪ್ರೋಟೀನಿಗಾಗಿ ಆಲ್ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್‌ಗೆ 1994ರಲ್ಲಿ, ಗ್ರಾಹಿಗಾಗಿಯೇ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾಗೆ 2012ರಲ್ಲಿ ನೊಬೆಲ್ ಬಂತು. ಪ್ರಶಸ್ತಿಗಳು ಒಳಗಿನಿಂದ ಹೊರಕ್ಕೆ ಬಂದಿರುವುದನ್ನು ಗಮನಿಸಿ: ಬಾಗಿಲು ಕಂಡದ್ದು ಎಲ್ಲರಿಗಿಂತ ಕೊನೆಗೆ.

ಎಲ್ಲ ಜಿ-ಪ್ರೋಟೀನುಗಳೂ ಸೈಕ್ಲಿಕ್ ಎಎಂಪಿಯನ್ನು ಏರಿಸುವುದಿಲ್ಲ. ಜಿಎಸ್ ಏರಿಸುತ್ತದೆ, ಜಿಐ ಇಳಿಸುತ್ತದೆ, ಜಿಕ್ಯೂ ಆ ದಾರಿಯನ್ನೇ ಬಿಟ್ಟು ಪೊರೆಯ ಕೊಬ್ಬನ್ನು ಸೀಳಿಸಿ ಐಪಿ-3 ಎಂಬ ತುಣುಕನ್ನು ಬಿಡುಗಡೆ ಮಾಡಿಸುತ್ತದೆ, ಅದರಿಂದ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಗ್ರಾಹಿ ಯಾವ ಜಿ-ಪ್ರೋಟೀನನ್ನು ಹಿಡಿದಿದೆ ಎಂದು ಬರೆಯದ ವರದಿ ಅರ್ಧ ವರದಿ.

ಇನ್ನು ನಿಲ್ಲಿಸುವ ವಿಷಯ. ಇಲ್ಲಿ ನಿಲ್ಲಿಸುವವರು ಒಬ್ಬರಲ್ಲ. ಜಿ-ಪ್ರೋಟೀನು ತನ್ನನ್ನು ಎಚ್ಚರವಾಗಿಡುವ ಜಿಟಿಪಿ ಎಂಬ ಅಣುವನ್ನು ತಾನೇ ಒಡೆದು ಮಲಗುತ್ತದೆ. ಫಾಸ್ಫೋಡೈಎಸ್ಟರೇಸ್ ಕಿಣ್ವ ಸೈಕ್ಲಿಕ್ ಎಎಂಪಿಯನ್ನು ಮುರಿಯುತ್ತದೆ. ಗ್ರಾಹಿಯ ಬಾಲಕ್ಕೆ ಫಾಸ್ಫೇಟ್ ಅಂಟಿಸಿದ ಮೇಲೆ ಅರೆಸ್ಟಿನ್ ಎಂಬ ಪ್ರೋಟೀನು ಬಂದು ಕುಳಿತು ಜಿ-ಪ್ರೋಟೀನಿಗೆ ಜಾಗ ಸಿಗದಂತೆ ಮಾಡುತ್ತದೆ. ಈ ಮೂರರಲ್ಲಿ ಮೊದಲನೆಯದು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾಲರಾ ಉದಾಹರಣೆ. ಕಾಲರಾದ ಜೀವಾಣು ಬಿಡುವ ವಿಷ ಜಿಎಸ್‌ಗೆ ಒಂದು ರಾಸಾಯನಿಕ ಬಾಲ ಅಂಟಿಸಿ, ಅದು ಜಿಟಿಪಿಯನ್ನು ಒಡೆಯದಂತೆ ಮಾಡುತ್ತದೆ. ಸೈಕ್ಲಿಕ್ ಎಎಂಪಿ ಏರಿದಂತೆಲ್ಲ ಕರುಳಿನ ಕೋಶ ಕ್ಲೋರೈಡನ್ನು ಹೊರಗೆ ಸುರಿಯುತ್ತದೆ, ನೀರು ಅದರ ಬೆನ್ನು ಹತ್ತುತ್ತದೆ, ಅಕ್ಕಿಗಂಜಿಯಂಥ ಭೇದಿ ನಿಲ್ಲುವುದೇ ಇಲ್ಲ. ಜೀವಾಣುವನ್ನು ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿನ ಕುಣಿಕೆಯಲ್ಲಿಟ್ಟು ಭೇದಿಗೆ ವಿಷವೇ ಕಾರಣವೆಂದು 1959ರಲ್ಲಿ ಕಲ್ಕತ್ತೆಯಿಂದ ತೋರಿಸಿಕೊಟ್ಟವರು ಶಂಭುನಾಥ ಡೇ. ನಮ್ಮ ದೇಶದ ಸಾಧಾರಣ ಪ್ರಯೋಗಾಲಯದಲ್ಲಿ ಸರಳ ಸಲಕರಣೆಯಿಂದ ನಡೆದ ಆ ಕೆಲಸಕ್ಕೆ ಪ್ರತಿಯೊಂದು ವರದಿಯೂ ಒಂದು ಪ್ಯಾರಾ ಕೊಡಬೇಕೆಂಬುದು ನನ್ನ ಹಠ.

ಕಾಫಿಯ ಕುರಿತ ತಪ್ಪೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಫೀನ್ ಫಾಸ್ಫೋಡೈಎಸ್ಟರೇಸನ್ನು ತಡೆಯುವುದರಿಂದ ನಿದ್ದೆ ಹೋಗುತ್ತದೆ ಎಂದು ನೋಟ್ಸಿನಿಂದ ನೋಟ್ಸಿಗೆ ಇಳಿದುಬಂದಿದೆ. ಪರೀಕ್ಷಾನಳಿಕೆಯಲ್ಲಿ ಹೆಚ್ಚು ಪ್ರಮಾಣಕ್ಕೆ ಅದು ನಿಜ. ಒಂದು ಲೋಟ ಕಾಫಿಯಿಂದ ರಕ್ತಕ್ಕೆ ಸೇರುವಷ್ಟು ಕೆಫೀನ್ ಮುಖ್ಯವಾಗಿ ಅಡಿನೊಸಿನ್ ಗ್ರಾಹಿಗಳನ್ನು ಮುಚ್ಚುತ್ತದೆ. ಅವೂ ಇದೇ ಕುಟುಂಬದವು.

ಟೈರೋಸಿನ್ ಕೈನೇಸ್ ಗ್ರಾಹಿಗಳು

ಕೈನೇಸ್ ಎಂದರೆ ಫಾಸ್ಫೇಟ್ ಅಂಟಿಸುವ ಕಿಣ್ವ, ಟೈರೋಸಿನ್ ಎಂದರೆ ಪ್ರೋಟೀನಿನಲ್ಲಿ ಅದು ಅಂಟುವ ಅಮೈನೋ ಆಮ್ಲ. ಮನುಷ್ಯನಲ್ಲಿ ಇಂಥ ಗ್ರಾಹಿಗಳು 58. ಪೊರೆಯ ಹೊರಗೆ ದೂತನನ್ನು ಹಿಡಿಯುವ ಭಾಗ, ಒಳಗೆ ಕಿಣ್ವ, ನಡುವೆ ಪೊರೆಯನ್ನು ಒಂದೇ ಬಾರಿ ಹಾಯುವ ಎಳೆ. ಇಷ್ಟು ತೆಳುವಾದ ಎಳೆಯ ಮೂಲಕ ಆಕಾರದ ಬದಲಾವಣೆಯನ್ನು ಒಳಗೆ ದಾಟಿಸುವುದು ಕಷ್ಟವಾದ್ದರಿಂದ ಇವು ಜೋಡಿಯಾಗಿ ಕೆಲಸ ಮಾಡುತ್ತವೆ: ಎರಡು ಗ್ರಾಹಿಗಳು ಹತ್ತಿರ ಬಂದಾಗ ಒಂದರ ಕಿಣ್ವ ಇನ್ನೊಂದರ ಟೈರೋಸಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಹಾಗೆ ಅಂಟಿದ ಜಾಗಗಳಿಗೆ ಒಳಗಿನ ಪ್ರೋಟೀನುಗಳು ಬಂದು ಸೇರುತ್ತವೆ. ದೂತ ಅಣು ಗ್ರಾಹಿಗಳನ್ನು ಜೋಡಿಸುತ್ತದೆ ಎಂಬ ಮಾತು ಇಜಿಎಫ್ (ಚರ್ಮದಂಥ ಹೊದಿಕೆಯ ಕೋಶಗಳನ್ನು ಬೆಳೆಸುವ ದೂತ) ಗ್ರಾಹಿಗೆ ಒಪ್ಪುತ್ತದೆ, ಇನ್ಸುಲಿನ್ ಗ್ರಾಹಿಗೆ ಒಪ್ಪುವುದಿಲ್ಲ. ಅದು ಮೊದಲಿನಿಂದಲೇ ಗಂಧಕದ ಬೆಸುಗೆಯಿಂದ ಜೋಡಿಯಾಗಿ ನಿಂತಿರುತ್ತದೆ. ಇನ್ಸುಲಿನ್ ಬಂದಾಗ ಎರಡೂ ಕಾಲುಗಳು ಒಳಗಡೆ ಹತ್ತಿರವಾಗುತ್ತವೆ. ಪ್ರತಿ ವರ್ಷವೂ ಈ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ.

ಕಾಲದ ದೃಷ್ಟಿಯಿಂದ ಇಲ್ಲಿ ಮೂರು ಗಡಿಯಾರಗಳು ಒಟ್ಟಿಗೆ ಓಡುತ್ತವೆ. ಫಾಸ್ಫೇಟ್ ಅಂಟುವುದು ಸೆಕೆಂಡುಗಳಲ್ಲಿ. ಸ್ನಾಯು ಮತ್ತು ಕೊಬ್ಬಿನ ಕೋಶದಲ್ಲಿ ಗ್ಲೂಟ್-4 ಎಂಬ ಸಕ್ಕರೆಯ ವಾಹಕ ಪೊರೆಗೆ ಬಂದು ಸೇರುವುದು ನಿಮಿಷಗಳಲ್ಲಿ. ಜೀನುಗಳ ಓದು ಬದಲಾಗುವುದು ಗಂಟೆಗಳಲ್ಲಿ. ನಿಲ್ಲಿಸುವ ಕೆಲಸ ಫಾಸ್ಫೇಟನ್ನು ಕೀಳುವ ಕಿಣ್ವಗಳದ್ದು. ಗ್ರಾಹಿಯನ್ನೇ ಒಳಕ್ಕೆ ಎಳೆದುಕೊಳ್ಳುವ ಏರ್ಪಾಡೂ ಇದೆ. ನಿಲ್ಲದೇ ಹೋದರೆ ಕೋಶ ವಿಭಜನೆಯಾಗುತ್ತಲೇ ಇರುತ್ತದೆ: ಹರ್-2 ಗ್ರಾಹಿ ಅತಿಯಾಗಿರುವ ಸ್ತನ ಕ್ಯಾನ್ಸರಿಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯ ಔಷಧ ಈ ಬಾಗಿಲಿಗೆ ಹೊರಗಿನಿಂದ ಹಾಕಿದ ಅಗುಳಿ.

ಸಕ್ಕರೆ ಕಾಯಿಲೆ ಇರುವ ಮನೆಗಳಿಂದ ಬಂದ ವಿದ್ಯಾರ್ಥಿಗಳು ಇನ್ಸುಲಿನ್ ಗ್ರಾಹಿಯನ್ನೇ ಕೇಳುತ್ತಾರೆ, ಅಂದರೆ ಹೆಚ್ಚುಕಡಿಮೆ ಎಲ್ಲರೂ. ಅವರಿಗೆ ನಾನು ಹೇಳುವುದಿಷ್ಟು: ಎರಡನೆಯ ಬಗೆಯ ಮಧುಮೇಹದಲ್ಲಿ ದೋಷ ಬಹುಪಾಲು ಗ್ರಾಹಿಯಲ್ಲಿರುವುದಿಲ್ಲ, ಗ್ರಾಹಿಯ ನಂತರದ ಹಂತಗಳಲ್ಲಿರುತ್ತದೆ. ಗ್ರಾಹಿಯ ಜೀನೇ ಕೆಟ್ಟವರು ಅತಿ ವಿರಳ. ಆದ್ದರಿಂದ "ಮಧುಮೇಹಕ್ಕೆ ಇನ್ಸುಲಿನ್ ಗ್ರಾಹಿ" ಎಂಬ ತಲೆಬರಹ ಹಾಕಿದರೆ ಅರ್ಧ ವರದಿ ಗ್ರಾಹಿಯನ್ನು ಬಿಟ್ಟೇ ಬರೆಯಬೇಕಾಗುತ್ತದೆ.

ಪ್ರಯೋಗದ ಕಷ್ಟ ಇಲ್ಲಿ ಬೇರೆ ಬಗೆಯದು. ಫಾಸ್ಫೇಟ್ ಅಂಟಿದೆಯೇ ಎಂದು ನೋಡಲು ಕೋಶಗಳನ್ನು ಬೆಳೆಸಬೇಕು, ದುಬಾರಿ ಪ್ರತಿಕಾಯ ತರಿಸಬೇಕು, ಪ್ರೋಟೀನನ್ನು ಪ್ರತಿಕಾಯದಿಂದ ಗೆರೆಯಾಗಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಮಾಡಬೇಕು. ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ತಾವೇ ಹಣ ಕೂಡಿಸಿ ಒಂದು ಸಣ್ಣ ಸೀಸೆ ಪ್ರತಿಕಾಯವನ್ನು ತರಿಸಿದ್ದರು. ಕಾಲೇಜಿಗೆ ಸಾಲು ರಜೆ ಬಂತು, ಕರೆಂಟು ಹೋಯಿತು, ಫ್ರಿಜ್ಜಿನ ಬಾಗಿಲನ್ನು ಯಾರೂ ತೆರೆದು ನೋಡಲಿಲ್ಲ. ಬ್ಲಾಟಿನ ಮೇಲೆ ಗೆರೆ ಮೂಡಲೇ ಇಲ್ಲ, ಮತ್ತೆ ತರಿಸಲು ಹಣವೂ ಇರಲಿಲ್ಲ. ಅಂದಿನಿಂದ ಜನರೇಟರ್ ಇಲ್ಲದ ಕಡೆ ಈ ಕುಟುಂಬವನ್ನು ಪ್ರಯೋಗಕ್ಕೆ ಆರಿಸಿಕೊಳ್ಳಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ಸೈಟೋಕೈನ್ ಗ್ರಾಹಿಗಳು, ಮತ್ತು ಕೆಚ್ಚಲಿನ ಉದಾಹರಣೆ

ಸೈಟೋಕೈನ್ ಎಂದರೆ ಕೋಶಗಳು ಒಂದಕ್ಕೊಂದು ಕಳಿಸುವ ಸಣ್ಣ ಪ್ರೋಟೀನು ದೂತ. ಇವುಗಳ ಗ್ರಾಹಿಗಳು ಟೈರೋಸಿನ್ ಕೈನೇಸ್ ಗ್ರಾಹಿಗಳ ದಾಯಾದಿಗಳಂತೆ. ತಮ್ಮಲ್ಲಿ ಕಿಣ್ವವಿಲ್ಲ, ಒಳಬದಿಯಲ್ಲಿ ಜ್ಯಾಕ್ ಎಂಬ ಕಿಣ್ವವನ್ನು ಅಂಟಿಸಿಕೊಂಡಿರುತ್ತವೆ. ದೂತ ಬಂದಾಗ ಜ್ಯಾಕ್ ಎಚ್ಚರಗೊಂಡು ಸ್ಟ್ಯಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಸ್ಟ್ಯಾಟ್ ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ಜೀನುಗಳ ಮೇಲೆ ಕೂರುತ್ತದೆ. ಪೊರೆಯಿಂದ ಜೀನಿಗೆ ಇಷ್ಟು ಕಡಿಮೆ ಹಂತಗಳ ದಾರಿ ಅಪರೂಪ. ಆದರೂ ಫಲ ಕಾಣಿಸುವುದು ನಿಧಾನ, ಏಕೆಂದರೆ ಹೊಸ ಪ್ರೋಟೀನು ತಯಾರಾಗಬೇಕು.

ಇದನ್ನು ಜಿ-ಪ್ರೋಟೀನು ಕುಟುಂಬದೊಂದಿಗೆ ಹೋಲಿಸಲು ಹಸುವಿನ ಕೆಚ್ಚಲೇ ಸಾಕು. ಹಾಲು ತಯಾರಾಗುವುದರ ಹಿಂದೆ ಪ್ರೊಲ್ಯಾಕ್ಟಿನ್ ಮತ್ತು ಬೆಳವಣಿಗೆ ಹಾರ್ಮೋನುಗಳಿವೆ. ಎರಡರ ಗ್ರಾಹಿಗಳೂ ಜ್ಯಾಕ್-ಸ್ಟ್ಯಾಟ್ ದಾರಿಯವು. ಕರೆಯುವ ಹಸುವಿನಲ್ಲಿ ಬೆಳವಣಿಗೆ ಹಾರ್ಮೋನಿನ ಪಾತ್ರ ಇಲಿಯಲ್ಲಿರುವುದಕ್ಕಿಂತ ದೊಡ್ಡದು, ಇಲಿಯ ಪ್ರಯೋಗಗಳನ್ನು ಓದಿ ಹಸುವಿನ ಬಗ್ಗೆ ಬರೆಯುವವರು ಇದನ್ನು ನೆನಪಿಡಬೇಕು. ತಯಾರಾದ ಹಾಲು ಇಳಿಯುವುದು ಮಾತ್ರ ಆಕ್ಸಿಟೋಸಿನ್‌ನಿಂದ. ಕೆಚ್ಚಲನ್ನು ತೊಳೆದು ಒರೆಸಿದಾಗ, ಕರು ಮೊಲೆಗೆ ಬಾಯಿ ಹಾಕಿದಾಗ ಆಕ್ಸಿಟೋಸಿನ್ ರಕ್ತಕ್ಕೆ ಬಂದು, ಜಿಕ್ಯೂ ದಾರಿಯಿಂದ ಕ್ಯಾಲ್ಸಿಯಂ ಏರಿಸಿ, ಹಾಲಿನ ಗೂಡುಗಳ ಸುತ್ತಲಿನ ಸ್ನಾಯುಕೋಶಗಳನ್ನು ಹಿಂಡುತ್ತದೆ. ಒಂದೆರಡು ನಿಮಿಷದೊಳಗೆ ಹಾಲು ಇಳಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಪರಿಣಾಮ ಕರಗುತ್ತದೆ. ಆದ್ದರಿಂದಲೇ ಕರೆಯಲು ಕುಳಿತವರು ನಡುವೆ ಎದ್ದು ಹೋಗುವುದಿಲ್ಲ. ಹಸು ಬೆದರಿದರೆ ಅಡ್ರಿನಲಿನ್ ಅಡ್ಡ ಬರುತ್ತದೆ. ಆಕ್ಸಿಟೋಸಿನ್ ಸೂಜಿ ಹಾಕಿದರೆ ಡೇರಿಗೆ ಹಾಕುವ ಹಾಲು ಹೆಚ್ಚುತ್ತದೆಂದು ನಂಬಿದವರು ಎರಡು ಗ್ರಾಹಿಗಳ ಕೆಲಸವನ್ನು ಒಂದೆಂದು ತಿಳಿದಿದ್ದಾರೆ. ಹಾಲನ್ನು ಇಳಿಸುವುದು ಅದರ ಕೆಲಸ, ತಯಾರಿಸುವುದಲ್ಲ.

ಸೆರಿನ್ ಕೈನೇಸ್ ಗ್ರಾಹಿಗಳು, ನಾಚ್, ಟೋಲ್ ಮಾದರಿಯ ಗ್ರಾಹಿಗಳು, ಇಂಟಿಗ್ರಿನ್‌ಗಳು ಇನ್ನೂ ಉಳಿದಿವೆ. ಮೊದಲ ಯೋಜನೆಗೆ ಅವನ್ನು ನಾನು ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಆಯ್ಕೆ?

ಕೇವಲ ಸೆಮಿನಾರ್ ಕೊಡುವವರು ಅಸಿಟೈಲ್‌ಕೋಲಿನ್‌ನ ಎರಡು ಗ್ರಾಹಿಗಳನ್ನು ಆರಿಸಿಕೊಳ್ಳಲಿ. ಹೈನುಗಾರಿಕೆಯ ಕಡೆ ಒಲವಿರುವವರು ಕೆಚ್ಚಲನ್ನು ತೆಗೆದುಕೊಳ್ಳಲಿ. ಮುಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಿಗೆ ಹೋಗಿ ಕ್ಯಾನ್ಸರ್ ಕುರಿತು ಕೆಲಸ ಮಾಡಬೇಕೆಂದಿರುವವರು ಟೈರೋಸಿನ್ ಕೈನೇಸ್ ಗ್ರಾಹಿಗಳನ್ನು ಈಗಲೇ ಓದಿಕೊಳ್ಳುವುದು ಒಳ್ಳೆಯದು, ಪ್ರಯೋಗವನ್ನು ಅಲ್ಲಿಗೆ ಹೋದ ಮೇಲೆ ಮಾಡಲಿ.

ಕಂಪ್ಯೂಟರಿನಲ್ಲಿ ಡಾಕಿಂಗ್ ಮಾಡುವವರು ಈಗ ಬಹಳ. ಪ್ರೋಟೀನು ರಚನೆಗಳ ಕಡತ ಉಚಿತ, ತಂತ್ರಾಂಶವೂ ಉಚಿತ, ಅಮೃತಬಳ್ಳಿಯಿಂದ ನುಗ್ಗೆಸೊಪ್ಪಿನವರೆಗೆ ಎಲ್ಲದರ ಅಣುವನ್ನೂ ಯಾವುದಾದರೊಂದು ಗ್ರಾಹಿಗೆ ಕೂರಿಸಿ ಅಂಕ ತೆಗೆಯಬಹುದು. ನನಗೆ ಇದರಲ್ಲಿ ಅಸಮಾಧಾನವಿದೆ. ಅಸಿಟೈಲ್‌ಕೋಲಿನ್ ಮಸ್ಕರಿನಿಕ್ ಗ್ರಾಹಿಯಲ್ಲಿ ಕೂರುತ್ತದೆ, ಅಟ್ರೋಪಿನ್ ಕೂಡ ಅದೇ ಜಾಗದಲ್ಲಿ, ಇನ್ನೂ ಬಿಗಿಯಾಗಿ ಕೂರುತ್ತದೆ. ಒಂದು ಸಂಕೇತವನ್ನು ಕಳಿಸುತ್ತದೆ, ಇನ್ನೊಂದು ತಡೆಯುತ್ತದೆ. ಡಾಕಿಂಗ್ ಅಂಕ ಇವೆರಡನ್ನು ಬೇರ್ಪಡಿಸುವುದಿಲ್ಲ. ಅಂಟುವಿಕೆಯನ್ನು ಅಂಟುವಿಕೆಯೆಂದೇ ಕರೆದು, ಸಂಕೇತದ ಬಗ್ಗೆ ಏನನ್ನೂ ಸಾಧಿಸಿಲ್ಲವೆಂದು ಬರೆದರೆ ನನ್ನ ಆಕ್ಷೇಪವಿಲ್ಲ.

ಪಾವಗಡ, ಬಾಗೇಪಲ್ಲಿಯ ಕಡೆಯವರು ಕುಡಿಯುವ ನೀರಿನ ಫ್ಲೋರೈಡನ್ನು ಜಿ-ಪ್ರೋಟೀನಿಗೆ ಜೋಡಿಸಿ ಬರೆಯಲು ಉತ್ಸಾಹ ತೋರುತ್ತಾರೆ. ಪ್ರಯೋಗಾಲಯದಲ್ಲಿ ಅಲ್ಯೂಮಿನಿಯಂ ಜೊತೆ ಸೇರಿದ ಫ್ಲೋರೈಡ್ ಜಿಟಿಪಿಯ ಕೊನೆಯ ಫಾಸ್ಫೇಟಿನ ವೇಷ ಹಾಕಿ ಜಿ-ಪ್ರೋಟೀನನ್ನು ಎಬ್ಬಿಸುತ್ತದೆ ಎಂಬುದು ನಿಜ. ಹಲ್ಲು ಮತ್ತು ಮೂಳೆಯ ಫ್ಲೋರೋಸಿಸ್‌ಗೆ ಇದನ್ನೇ ಕಾರಣವಾಗಿ ನಿಲ್ಲಿಸುವುದು ಮಾತ್ರ ದುಡುಕು.

ಕೈಯಿಂದ ಪ್ರಯೋಗ ಮಾಡಬೇಕೆನ್ನುವವರಿಗೆ ನನ್ನ ಆಯ್ಕೆ ಜಿ-ಪ್ರೋಟೀನು ಕುಟುಂಬ, ಅದರಲ್ಲಿಯೂ ಮೀನಿನ ಹುರುಪೆಯ ಬಣ್ಣದ ಕೋಶಗಳು. ಕೆರೆಯಲ್ಲಿ ಸಿಗುವ ಜಿಲೇಬಿ ಮೀನಿನ ಬೆನ್ನಿನ ಹುರುಪೆಯನ್ನು ಶೇಕಡಾ 0.7ರ ಉಪ್ಪುನೀರಿನಲ್ಲಿಟ್ಟು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಕ್ಷತ್ರದಂತೆ ಕವಲೊಡೆದ ಕಪ್ಪು ಕೋಶಗಳು ಕಾಣುತ್ತವೆ. ಅಡ್ರಿನಲಿನ್ ಹಾಕಿದರೆ ಅದು ತನ್ನ ಗ್ರಾಹಿಗಳಲ್ಲಿ ಒಂದಾದ ಆಲ್ಫಾ-2 ಗ್ರಾಹಿಯ ಮೂಲಕ ಜಿಐಯನ್ನು ಎಬ್ಬಿಸುತ್ತದೆ, ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಕಪ್ಪು ಕಣಗಳು ಕವಲುಗಳನ್ನು ಬಿಟ್ಟು ನಡುವಿಗೆ ಬಂದು ಚುಕ್ಕೆಯಾಗುತ್ತವೆ. ಗ್ರಾಹಿಯ ಸಂಕೇತವನ್ನು ನಿಮಿಷಗಳಲ್ಲಿ, ಬರಿಗಣ್ಣು ಮತ್ತು ಮಸೂರದ ನಡುವೆ ನೋಡಬಹುದಾದ ಸಂದರ್ಭ ಇದಕ್ಕಿಂತ ಅಗ್ಗದಲ್ಲಿ ಇನ್ನೊಂದಿಲ್ಲ. ಮೀನು ಕಶೇರುಕವಾದ್ದರಿಂದ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯನ್ನು ಮೊದಲು ಕೇಳಿ. ಆಗತಾನೆ ಹಿಡಿದು ಮಾರಾಟಕ್ಕೆ ಕೊಯ್ದ ಮೀನಿನ ಹುರುಪೆಯೂ ಸ್ವಲ್ಪ ಹೊತ್ತು ಕೆಲಸಕ್ಕೆ ಬರುತ್ತದೆ. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಅಡ್ರಿನಲಿನ್ ಆಂಪೂಲನ್ನು ವಿಭಾಗದ ಮೂಲಕವೇ ತರಿಸಿ, ಅದೇ ಉಪ್ಪುನೀರಿನಲ್ಲಿ ಸಾವಿರ ಪಟ್ಟು ತೆಳುಮಾಡಿ. ಬೆಳಕಿನಲ್ಲಿಟ್ಟರೆ ಅದು ಕೆಂಪಾಗಿ ಕೆಡುತ್ತದೆ, ಆದ್ದರಿಂದ ಸೀಸೆಗೆ ಬೆಳ್ಳಿ ಕಾಗದ ಸುತ್ತಿ, ಅಂದಂದಿಗೆ ಹೊಸದಾಗಿ ತಯಾರಿಸಿ. ಇನ್ನೊಂದು ಹುರುಪೆಗೆ ಮೊದಲು ಆಲ್ಫಾ-2 ಗ್ರಾಹಿಯನ್ನು ಮುಚ್ಚುವ ಯೋಹಿಂಬಿನ್ ಹಾಕಿ ನಂತರ ಅಡ್ರಿನಲಿನ್ ಹಾಕಿದರೆ ಕಣಗಳ ಓಟಕ್ಕೆ ತಡೆ ಬೀಳುತ್ತದೆ. ಇದು ಆಲ್ಫಾ-2 ಗ್ರಾಹಿಯದೇ ಕೆಲಸವೆಂದು ಆಗ ಧೈರ್ಯವಾಗಿ ಬರೆಯಬಹುದು.

ಬಹುತೇಕರು ಚುಕ್ಕೆಯಾದೊಡನೆ ಫೋಟೋ ತೆಗೆದು ಸ್ಲೈಡನ್ನು ತೊಳೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಹುರುಪೆಯನ್ನು ಶುದ್ಧ ಉಪ್ಪುನೀರಿಗೆ ವರ್ಗಾಯಿಸಿ, ಅದೇ ಕೋಶದ ಮೇಲೆ ಕಣ್ಣಿಟ್ಟು, ಕಣಗಳು ಮತ್ತೆ ಕವಲುಗಳ ತುದಿಗೆ ಹರಡಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. ವರದಿಯ ಕೋಷ್ಟಕದಲ್ಲಿ ನಾನು ಮೊದಲು ಹುಡುಕುವುದು ಆ ಕಂಬಸಾಲನ್ನು.